ಹನ್ನೆರಡೂವರೆ ಎಂ.ಎಲ್.

ಗುಂಡ್ಲುಪೇಟೆ
8 ಸೆಪ್ಟೆಂಬರ್ 2024

ಪ್ರಿಯಾಂಕ,

ನೀನು ಬರೆದ ಕಾಗದವನ್ನು ಅಮ್ಮ ತಲುಪಿಸಿದಳು. ಮೊಬೈಲ್ ಕಿತ್ತಿಟ್ಟುಕೊಂಡರೆ ಓದು ತಲೆಗೆ ಹತ್ತುತ್ತದೆ ಎಂದು ನಿಮ್ಮ ಹಾಸ್ಟೆಲಿನ ಚಾಮುಂಡಿ ಮೇಡಮ್ ನಂಬಿದ್ದಾರಲ್ಲ, ಅವರಿಗೊಂದು ನಮಸ್ಕಾರ. ಭಾನುವಾರ ಅವರ ಎದುರಿಗೆ ನಿಂತು ಅವರ ಫೋನಿನಲ್ಲಿ ಎರಡು ಮಾತಾಡುವುದಕ್ಕಿಂತ ಇದೇ ವಾಸಿ. ಮನೆಯವರ ಹೆಸರಿದ್ದರೆ ಕವರು ಒಡೆಯದೆ ಕೊಡುತ್ತಾರೆ ಎಂದಿದ್ದೀಯ. ಅದಕ್ಕೇ ಹಿಂದುಗಡೆ 'ಸಿದ್ದಾರ್ಥ, ಅಣ್ಣ' ಎಂದು ದಪ್ಪಗೆ ಬರೆದಿದ್ದೇನೆ.

ಮಾರ್ಕೆಟ್ಟಿನ ಕೆಲಸ ಹೋಯಿತು. ಕೇರಳದ ಲಾರಿಗೆ ಈರುಳ್ಳಿ ತುಂಬುತ್ತಿದ್ದೆ. ಕೊಳ್ಳಲು ಬಂದವನು ಚೀಲದ ತಳದಲ್ಲಿ ಮಾಲು ಹೇಗಿದೆ ಎಂದು ನನ್ನನ್ನೇ ಕೇಳಿದ. ಕೊಳೆತಿದೆ ಎಂದೆ. ಮಂಡಿಯವನು ಎಲ್ಲರೆದುರಿಗೆ, "ನಿನ್ ಬಾಯ್ಗೆ ಗೋಣಿದಾರ ಹಾಕಿ ಒಲೀಬೇಕು ಕಣ್ಲಾ, ಓಗತ್ಲಾಗೆ" ಎಂದು ಕಳಿಸಿಬಿಟ್ಟ. ಈಗ ಮಲಯಾಳಿಯೊಬ್ಬರು ಗುತ್ತಿಗೆಗೆ ಹಿಡಿದ ಶುಂಠಿ ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದೇನೆ. ಇದೂ ಎಷ್ಟು ದಿನವೋ. ಅಮ್ಮನಿಗೆ ಹೇಳಬೇಡ ಎನ್ನುವುದಿಲ್ಲ. ಕೇಳಿದರೆ ಹೇಳು.

ಮೊಲಾರಿಟಿ ಅರ್ಥವಾಗುತ್ತಿಲ್ಲ ಎಂದು ಓದು ಬಿಟ್ಟವನನ್ನು ಕೇಳಿದ್ದೀಯ! ಆಗಲಿ. ಮೋಲ್ ಎಂದರೆ ಎಣಿಕೆ, ಡಜನ್ ಇದ್ದ ಹಾಗೆ. ಒಂದು ಡಜನ್ ನಿಂಬೆಹಣ್ಣೂ ಒಂದು ಡಜನ್ ತೆಂಗಿನಕಾಯಿಯೂ ಎಣಿಕೆಯಲ್ಲಿ ಸಮ, ತೂಕದಲ್ಲಿ ಬೇರೆ. ಆಕ್ಸಾಲಿಕ್ ಆಸಿಡ್ ಹರಳಿನ ಒಂದು ಮೋಲ್ ತೂಗಿದರೆ 126 ಗ್ರಾಂ. ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಎಂಬುದೇ ಮೊಲಾರಿಟಿ. 0.05 ಮೊಲಾರ್ ದ್ರಾವಣ ಕಾಲು ಲೀಟರ್ ಬೇಕಾದರೆ 126ನ್ನು 0.05ರಿಂದ ಗುಣಿಸಿ, ಮತ್ತೆ 0.25ರಿಂದ ಗುಣಿಸು. 1.575 ಗ್ರಾಂ. ಎಲ್ಲರೂ ಎಡವುವುದು ಆಮೇಲೆ. ಕಾಲು ಲೀಟರ್ ನೀರು ಅಳೆದು ಅದಕ್ಕೆ ಹರಳು ಹಾಕುವುದಲ್ಲ. ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸು, ಆಮೇಲೆ ಗೆರೆಯವರೆಗೆ ನೀರು ಹಾಕು. ಒಟ್ಟು ಸೇರಿ ಕಾಲು ಲೀಟರ್ ಆಗಬೇಕು.

ತಿಳಿಯದಿದ್ದರೆ ಮತ್ತೆ ಬರೆ.

ನಿನ್ನ ಅಣ್ಣ,
ಸಿದ್ದಾರ್ಥ


ಚಾಮರಾಜನಗರ
29 ಸೆಪ್ಟೆಂಬರ್ 2024

ಅಣ್ಣ,

ನಿಂಬೆಹಣ್ಣು, ತೆಂಗಿನಕಾಯಿಯ ಲೆಕ್ಕವನ್ನು ರೂಮಿನ ಶೃತಿಗೂ ಹೇಳಿಕೊಟ್ಟೆ. "ನಿಮ್ಮಣ್ಣ ಯಾವ ಕಾಲೇಜಲ್ಲಿ ಲೆಕ್ಚರರ್?" ಎಂದು ಕೇಳಿದಳು. ಶುಂಠಿ ಹೊಲದಲ್ಲಿ ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ.

ನಗುವವರು ಬೇರೆ ಇದ್ದಾರೆ. ನಿನ್ನನ್ನು ಕೇಳಬೇಕೆಂದು ಬಹಳ ದಿನದಿಂದ ಇತ್ತು. ಮೊದಲ ದಿನ ಲ್ಯಾಬಿಗೆ ಹೋದಾಗ ಕೆಮಿಸ್ಟ್ರಿ ಸರ್ ಹಾಜರಿ ಕರೆಯುತ್ತ ನನ್ನ ಹೆಸರಿಗೆ ನಿಂತರು. "ಉಡಿಗಾಲದ ದೊಡ್ಡಮಾದಯ್ಯನ ಮಗಳಾ? ಓಹೋ, ಹನ್ನೆರಡೂವರೆ ತಂಗಿ!" ಎಂದರು. ಅಟೆಂಡರ್ ದೊಡ್ಡಮಲ್ಲಪ್ಪ ಬಾಗಿಲ ಹತ್ತಿರ ಬೇರೆ ಕಡೆ ತಿರುಗಿ ನಿಂತ. ಅವತ್ತಿನಿಂದ ನನ್ನ ಹೆಸರು ಅದೇ. ಪಿಪೆಟ್ ಎತ್ತಿಕೊಂಡರೆ, "ಹನ್ನೆರಡೂವರೆ, ನೋಡಮ್ಮ, ನಿಮ್ಮ ಮನೆತನದ ಅಳತೆ ಹಾಕಬೇಡ" ಎನ್ನುತ್ತಾರೆ. ಹುಡುಗರು ಗಡಿಯಾರದಲ್ಲಿ ಹನ್ನೆರಡೂವರೆ ಆದರೆ ಸಾಕು, ನನ್ನ ಕಡೆ ತಿರುಗಿ ಕೆಮ್ಮುತ್ತಾರೆ.

ನೀನು ಪ್ರಾಕ್ಟಿಕಲ್ ಪರೀಕ್ಷೆಯ ದಿನ ಎದ್ದು ಬಂದೆ ಎಂದಷ್ಟೇ ಮನೆಯಲ್ಲಿ ಗೊತ್ತು. ಅಮ್ಮ, "ಅವ್ನ್ ತಲೆ ಸುತ್ತ ತಿರುಗುದ್ರೂ ಕಾರ್ಣ ಸಿಕ್ಕಾಕಿಲ್ಲ ಬುಡವ್ವ" ಎನ್ನುತ್ತಾಳೆ. ನಡೆದದ್ದನ್ನು ನಡೆದ ಹಾಗೆ ಬರೆ. ನಾನು ಬೈಸಿಕೊಳ್ಳುವುದು ಯಾತಕ್ಕೆ ಎಂದಾದರೂ ತಿಳಿಯಲಿ.

ತಂಗಿ
ಪ್ರಿಯಾಂಕ


ಗುಂಡ್ಲುಪೇಟೆ
11 ಅಕ್ಟೋಬರ್ 2024

ಪ್ರಿಯಾಂಕ,

ಮೊದಲೇ ಹೇಳಬೇಕಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

2023ರ ಫೆಬ್ರವರಿ. ಪ್ರಶ್ನೆ ಬಂದದ್ದು ಪೊಟ್ಯಾಷಿಯಂ ಪರ್ಮಾಂಗನೇಟ್ ದ್ರಾವಣದ ಮೊಲಾರಿಟಿ ಕಂಡುಹಿಡಿಯುವುದು. ನಿನಗೂ ಅದೇ ಬರುತ್ತದೆ. ಫ್ಲಾಸ್ಕಿಗೆ ಹತ್ತು ಎಂ.ಎಲ್. ಆಕ್ಸಾಲಿಕ್ ಆಸಿಡ್ ಹಾಕಿದೆ. ಒಂದು ಟೆಸ್ಟ್‌ಟ್ಯೂಬ್ ತುಂಬ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಹಾಕಿದೆ. ಅದನ್ನು ಮರೆತರೆ ಫ್ಲಾಸ್ಕು ಕಂದಾಗಿ ಕೆಟ್ಟು ಹೋಗುತ್ತದೆ, ರೀಡಿಂಗು ಹೆಚ್ಚು ಬರುತ್ತದೆ. ನನ್ನದು ಕಂದಾಗಲಿಲ್ಲ. ಕೈಗೆ ಚುರುಕ್ ಎನ್ನುವಷ್ಟು ಕಾಯಿಸಿ ಬ್ಯುರೆಟ್ಟಿನಿಂದ ಪರ್ಮಾಂಗನೇಟ್ ಬಿಟ್ಟೆ. ನೇರಳೆ ಬಣ್ಣ ಬಿದ್ದ ಹಾಗೇ ಮಾಯವಾಗುತ್ತಿತ್ತು. ಕೊನೆಗೆ ಒಂದೇ ಒಂದು ಹನಿಗೆ ಇಡೀ ಫ್ಲಾಸ್ಕು ತೆಳು ಗುಲಾಬಿಯಾಗಿ ನಿಂತಿತು. 12.5. ಮತ್ತೆ ಮಾಡಿದೆ, 12.5. ಮತ್ತೊಮ್ಮೆಯೂ ಅಷ್ಟೇ.

ಹೊರಗಿನಿಂದ ಬಂದ ಎಕ್ಸಾಮಿನರ್ ಸ್ಟಾಫ್ ರೂಮಿನಲ್ಲಿ ಬೋಂಡ ತಿನ್ನುತ್ತಿದ್ದರು. ಅಷ್ಟರಲ್ಲಿ ದೊಡ್ಡಮಲ್ಲಪ್ಪ ನೀರಿನ ಕ್ಯಾನು ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಬಂದ. ಇದು ಅಲ್ಲಿನ ಪದ್ಧತಿ, ನೀನೂ ನೋಡುತ್ತೀಯ. ನೀರು ಸುರಿಯುವ ನೆಪದಲ್ಲಿ ಬಗ್ಗಿ, "ಅತ್ತು ಪಾಯಿಂಟ್ ಎಲ್ಡು" ಎಂದು ಹೇಳಿ ಮುಂದೆ ಹೋಗುತ್ತಾನೆ. ಬಾಟಲಿಯ ಮೇಲಿನ ಚೀಟಿಗೆ ಸರಿಯಾಗುವ ರೀಡಿಂಗ್ ಅದು, 10.2. ಎಲ್ಲರೂ ಅದನ್ನೇ ಬರೆದರೆ ಎಲ್ಲರಿಗೂ ಪೂರ್ತಿ ಮಾರ್ಕು, ಕಾಲೇಜಿಗೂ ಹೆಸರು.

ನಾನು ಕೇಳಿದೆ, "ಮಲ್ಲಪ್ಪಣ್ಣ, ನಂಗೆ ಅನ್ನೆರಡೂವರೆ ಬಂತಲ್ಲ?" ಎಂದು. ಅವನು ಮೆಲ್ಲಗೆ, "ಬತ್ತದೆ ಕಣಪ್ಪ. ಒಸ ಬಾಟ್ಲಿ ಬರ್ನಿಲ್ಲ. ಇದ್ದುದ್ಕೇ ಒಂದೀಟು ನೀರ್ ಸೇರುಸ್ದೆ. ನೀನ್ ಸುಮ್ಕೆ ಬರ್ಕೊ" ಎಂದ. ಪಕ್ಕದಲ್ಲಿದ್ದ ಹರದನಹಳ್ಳಿ ಚಂದ್ರಕುಮಾರ್ ತೊಡೆ ಚಿವುಟಿ, "ಬರ್ದ್‌ಬುಡ್ಲಾ, ನಿಮ್ಮಪ್ಪನ್ ಗಂಟೇನು ಓದದು?" ಎಂದ. ಅವನಿಗೂ ಬಂದಿದ್ದು 12.5. ನಾನೇ ಕಣ್ಣಾರೆ ನೋಡಿದೆ.

ಬಂದದ್ದನ್ನೇ ಬರೆದು ಲೆಕ್ಕ ಮಾಡಿದೆ. 0.05ನ್ನು ಹತ್ತರಿಂದ, ಎರಡರಿಂದ ಗುಣಿಸಿ, ಐದು ಇಂಟು ಹನ್ನೆರಡೂವರೆಯಿಂದ ಭಾಗಿಸಿದರೆ 0.016 ಮೊಲಾರ್. 10.2 ಹಾಕಿದ್ದರೆ 0.0196. ನೀರು ಸೇರಿದ ದ್ರಾವಣ ತೆಳ್ಳಗಾಗಿರುತ್ತದೆ, ಹಾಗಾಗಿ ಹೆಚ್ಚು ಹಿಡಿಯುತ್ತದೆ. ಅಷ್ಟೇ ವಿಷಯ.

ನಿಮ್ಮ ಕೆಮಿಸ್ಟ್ರಿ ಸರ್ ನನ್ನ ಹಾಳೆ ನೋಡಿ, "ನಲವತ್ತು ಜನಕ್ಕೆ ಬಂದದ್ದು ನಿನಗೊಬ್ಬನಿಗೆ ಬರಲ್ಲವೇನೋ?" ಎಂದರು. "ನಲ್ವತ್ತು ಜನಕ್ಕೂ ಇದೇ ಬಂದಿರದು ಸಾ, ಬರ್ದಿರದು ಬೇರೆ" ಎಂದೆ. ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಪೆನ್ನು ಚಾಚಿ, "ಹೊಡೆದುಹಾಕಿ ಸರಿಯಾಗಿ ಬರಿ. ನಿಮ್ಮಂಥವರು ಇಲ್ಲಿವರೆಗೆ ಬಂದಿರೋದೇ ಹೆಚ್ಚು" ಎಂದರು. ನಾನು ಪೆನ್ನು ತೆಗೆದುಕೊಳ್ಳಲಿಲ್ಲ. ಬ್ಯುರೆಟ್ಟಿನ ನಲ್ಲಿ ಮುಚ್ಚಿ ಬಂದುಬಿಟ್ಟೆ. ಉಳಿದ ಪರೀಕ್ಷೆಗೂ ಹೋಗಲಿಲ್ಲ.

ಅಷ್ಟಕ್ಕೆ ಓದು ಬಿಡಬೇಕಿತ್ತೇ ಎಂದು ನೀನು ಕೇಳಬಹುದು. ಆದರೆ ಬಂದದ್ದು ಹನ್ನೆರಡೂವರೆಯೇ.

ಸಿದ್ದಾರ್ಥ


ಚಾಮರಾಜನಗರ
17 ನವೆಂಬರ್ 2024

ಅಣ್ಣ,

ನಿನ್ನ ಕಾಗದ ಓದಿದ ಮೇಲೆ ಹುಡುಗರು ಕೆಮ್ಮಿದರೆ ತಿರುಗಿ ನೋಡುವ ಧೈರ್ಯ ಬಂದಿತ್ತು. ಒಬ್ಬನಿಗೆ ಹೇಳಿಯೂ ಬಿಟ್ಟೆ: "ನಮ್ಮಣ್ಣನ್ ರೀಡಿಂಗ್ ಸರಿಯಾಗಿತ್ತು ಕಣೋ, ನಿಮ್ ಬಾಟ್ಲಿ ಸರಿ ಇರ್ನಿಲ್ಲ." ಅದು ಸರ್ ಕಿವಿಗೆ ಹೋಯಿತು.

ಈಗ ನನ್ನ ಪ್ರಾಕ್ಟಿಕಲ್ ರೆಕಾರ್ಡಿಗೆ ಸಹಿ ಹಾಕುತ್ತಿಲ್ಲ. ಎಲ್ಲರದ್ದೂ ಆಯಿತು. ರೆಕಾರ್ಡಿಗೆ ಸಹಿ ಇಲ್ಲದೆ ಪರೀಕ್ಷೆಯ ದಿನ ಲ್ಯಾಬಿನೊಳಗೆ ಬಿಡುವುದಿಲ್ಲ. ಕೇಳಲು ಹೋದರೆ, "ನಿಮ್ಮಣ್ಣ ಬರಲಿ. ಕ್ಲಾಸಿನ ಮುಂದೆ ನಿಂತು ತನ್ನ ತಪ್ಪು ಏನು ಅಂತ ಹೇಳಲಿ. ಆಮೇಲೆ ನೋಡೋಣ" ಎಂದರು. ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರು, "ಸರ್ ಜೊತೆ ಹೊಂದಿಕೊಂಡು ಹೋಗಮ್ಮ" ಎಂದರು.

ನನಗೆ ನರ್ಸಿಂಗ್ ಸೀಟು ಬೇಕು, ಅಣ್ಣ. ಅದೊಂದೇ ಬೇಕಿರುವುದು. ನಿನ್ನದು ತಪ್ಪು ಎಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಎರಡು ನಿಮಿಷ ಬಂದು ಹೋಗಲು ಆಗುವುದಿಲ್ಲವಾ?

ಪ್ರಿಯಾಂಕ


ಗುಂಡ್ಲುಪೇಟೆ
26 ನವೆಂಬರ್ 2024

ಪ್ರಿಯಾಂಕ,

ಆಗುವುದಿಲ್ಲ.

ಸಹಿ ಹಾಕುವುದು ಅವರ ಕೆಲಸ, ದಾನ ಅಲ್ಲ. ದೂರು ಬರೆದು ಕೊಡು, ನಾನೂ ಸಹಿ ಹಾಕುತ್ತೇನೆ. ಮೈಸೂರಿಗೆ ಹೋಗಿ ದೊಡ್ಡ ಅಧಿಕಾರಿಗಳನ್ನು ಕಾಣುತ್ತೇನೆ. ಬೇಕಾದರೆ ಅದೇ ಲ್ಯಾಬಿನ ಬಾಗಿಲಲ್ಲಿ ಉಪವಾಸ ಕೂರುತ್ತೇನೆ. ತಪ್ಪು ಮಾಡಿದೆ ಎಂದು ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ. ಅವರು ಕೇಳುತ್ತಿರುವುದು ಕ್ಷಮೆಯನ್ನಲ್ಲ, ಸುಳ್ಳನ್ನು. ನಿನಗೂ ಅದು ಗೊತ್ತು.

ಶುಂಠಿ ಹೊಲದ ಕೆಲಸ ಬಿಟ್ಟೆ. ಕಾರಣ ಬರೆದರೆ ನಿನಗೆ ಕೋಪ ಬರುತ್ತದೆ. ಈಗ ಹೆದ್ದಾರಿ ಪಕ್ಕ ಲಾರಿಗಳಿಗೆ ಪಂಕ್ಚರ್ ಹಾಕುವಲ್ಲಿದ್ದೇನೆ.

ಸಿದ್ದಾರ್ಥ


ಚಾಮರಾಜನಗರ
15 ಡಿಸೆಂಬರ್ 2024

ಅಣ್ಣ,

ದೂರು ಬರೆಯಲಿಲ್ಲ. ಬರೆದರೆ ಫೆಬ್ರವರಿಯಲ್ಲಿ ಮಾರ್ಕು ಹಾಕುವವರು ಯಾರು ಎಂದು ನೀನು ಯೋಚಿಸಲಿಲ್ಲ.

ಮೊನ್ನೆ ಅಪ್ಪ ಬಂದಿದ್ದ. ನಾನು ಕರೆದಿರಲಿಲ್ಲ. ಅಮ್ಮ ಕಳಿಸಿದ್ದಾಳೆ. ಅರಿಶಿನ ಕೀಳುವ ಕೂಲಿ ಬಿಟ್ಟು, ಮದುವೆಮನೆಗಳಿಗೆ ಹೋಗಲೆಂದು ಹೊಲಿಸಿದ್ದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಯಾರೂ ಅಲ್ಲಿ ಚಪ್ಪಲಿ ಬಿಡುವುದಿಲ್ಲ. ಸರ್ ನೋಡಿದರು, ಪಾಠ ಮುಂದುವರಿಸಿದರು. ಬೆಲ್ ಹೊಡೆಯಿತು, ಇನ್ನೊಂದು ಕ್ಲಾಸು ಬಂತು, ಅವರಿಗೂ ಪಾಠ ಮಾಡಿದರು. ಅಪ್ಪ ಹಾಗೇ ನಿಂತಿದ್ದ. ಕೂರು ಎಂದರೆ, "ಮೇಷ್ಟ್ರು ನಿಂತವ್ರೆ ಕಣವ್ವ" ಎಂದ.

ಕೊನೆಗೆ ಸರ್ ಹೊರಗೆ ಬಂದರು. ಅಪ್ಪ ಕೈ ಮುಗಿದು, "ನನ್ ಮಗ ಏನ್ ಮಾಡವ್ನೆ ಅಂತ ನಂಗ್ ಗೊತ್ತಿಲ್ಲ ಬುದ್ಧಿ. ಏನೇ ಮಾಡಿದ್ರೂ ಒಟ್ಟೆಗಾಕ್ಕಬುಡಿ" ಎಂದ. "ನೀನಲ್ಲಪ್ಪ, ಅವನು ಬರಬೇಕು" ಎಂದು ಸರ್ ಹೋದರು. ಅಪ್ಪನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರಲು ಹೋದೆ. ಬಸ್ ಹತ್ತುವಾಗ, "ಅವ್ನ್ಗೆ ಏಳಬ್ಯಾಡ ಕಣಮ್ಮಿ, ನಾನ್ ಬಂದಿದ್ದೆ ಅಂತ" ಎಂದ.

ಇದ್ದದ್ದನ್ನು ಇದ್ದ ಹಾಗೆ ಹೇಳುವುದನ್ನು ನಿನ್ನಿಂದ ಕಲಿತಿದ್ದೇನಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ನನಗೆ ಇನ್ನು ಬರೆಯಬೇಡ.

ಪ್ರಿಯಾಂಕ


ಚಾಮರಾಜನಗರ
12 ಜನವರಿ 2025

ಅಣ್ಣ,

ನಿನ್ನೆ ನೀನು ಲ್ಯಾಬಿನೊಳಗೆ ಬಂದಾಗ ಕೈಯಲ್ಲಿದ್ದ ಪಿಪೆಟ್ ಕೆಳಗಿಟ್ಟು ನೋಡಿದೆ. ಬರುತ್ತೇನೆ ಎಂದು ಒಂದು ಸಾಲು ಬರೆಯಬಾರದಿತ್ತೇ?

ನೀನು ನನ್ನ ಕಡೆ ನೋಡಲಿಲ್ಲ. ಸರ್ ಸೀಮೆಸುಣ್ಣ ಕೊಟ್ಟರು. ಬೋರ್ಡಿನ ಮೇಲೆ 10.2 ಹಾಕಿ ಲೆಕ್ಕ ಮಾಡಿ 0.0196 ಎಂದು ಬರೆದು ಅಡಿಗೆರೆ ಎಳೆದೆ. ಆಮೇಲೆ ಎಲ್ಲರ ಕಡೆ ತಿರುಗಿ, "ಅವತ್ತು ನಾನು ಸಲ್ಫ್ಯೂರಿಕ್ ಆಸಿಡ್ ಹಾಕೋದು ಮರೆತಿದ್ದೆ. ಫ್ಲಾಸ್ಕು ಕಂದಾಗಿತ್ತು. ಅದಕ್ಕೆ ಹನ್ನೆರಡೂವರೆ ಬಂತು. ತಪ್ಪು ಮುಚ್ಚಿಕೊಳ್ಳೋಕೆ ಬಾಟಲಿ ಮೇಲೆ ಹಾಕಿದೆ" ಎಂದೆ. ಪಾಠ ಒಪ್ಪಿಸುವ ಹಾಗೆ ಹೇಳಿದೆ. ಹುಡುಗರು ಚಪ್ಪಾಳೆ ತಟ್ಟಿದರು. ನೀನು ಹೊರಗೆ ಹೋದಾಗ ಸರ್ ನಿನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು. ಮಧ್ಯಾಹ್ನ ನನ್ನ ರೆಕಾರ್ಡಿಗೆ ಸಹಿ ಬಿತ್ತು.

ಈಗ ಒಂದು ಕೇಳುತ್ತೇನೆ. ಅಕ್ಟೋಬರಿನಲ್ಲಿ ಆಸಿಡ್ ಹಾಕಿದೆ ಎಂದು ಬರೆದಿದ್ದೆ. ನಿನ್ನೆ ಹಾಕಲಿಲ್ಲ ಎಂದೆ. ಯಾವುದು ನಿಜ? ನನಗೋಸ್ಕರ ಸುಳ್ಳು ಹೇಳಿದ್ದರೆ ಈ ಸಹಿ ನನಗೆ ಬೇಡ. ರೆಕಾರ್ಡನ್ನು ಅವರ ಟೇಬಲ್ಲಿನ ಮೇಲೆ ಹರಿದು ಹಾಕಿ ಬರುತ್ತೇನೆ. ಈ ಮಾತು ಸುಮ್ಮನೆ ಆಡುತ್ತಿಲ್ಲ. ನಾನೂ ನಿನ್ನ ತಂಗಿಯೇ. ನೀನು ನನಗೆ ಯಾವತ್ತೂ ಸುಳ್ಳು ಹೇಳಿಲ್ಲ. ಬೇಗ ಬರೆ.

ಪ್ರಿಯಾಂಕ


ಗುಂಡ್ಲುಪೇಟೆ
16 ಜನವರಿ 2025

ಪ್ರಿಯಾಂಕ,

ಲ್ಯಾಬಿನಲ್ಲಿ ಹೇಳಿದ್ದೇ ನಿಜ. ಆಸಿಡ್ ಹಾಕಿರಲಿಲ್ಲ. ಮಲ್ಲಪ್ಪಣ್ಣ ಬಾಟಲಿಗೆ ನೀರು ಸೇರಿಸಿದ್ದು ನಾನು ಕಟ್ಟಿದ ಮಾತು. ನಿನ್ನ ಮುಂದೆ ಸಣ್ಣವನಾಗಬಾರದೆಂದು ಹಾಗೆ ಬರೆದೆ.

ರೆಕಾರ್ಡ್ ಹರಿಯುವ ಅಗತ್ಯವಿಲ್ಲ. ಪರೀಕ್ಷೆಗೆ ಓದು. ಟೆಸ್ಟ್‌ಟ್ಯೂಬ್ ತುಂಬ ಆಸಿಡ್ ಹಾಕುವುದನ್ನು ನೀನಾದರೂ ಮರೆಯಬೇಡ.

ಸಿದ್ದಾರ್ಥ


ಚಾಮರಾಜನಗರ
9 ಫೆಬ್ರವರಿ 2025

ಅಣ್ಣ,

ಪ್ರಾಕ್ಟಿಕಲ್ ಮುಗಿಯಿತು. ಮೂವತ್ತಕ್ಕೆ ಮೂವತ್ತು ಬರುತ್ತದೆ ಎಂದು ಸರ್ ಹೇಳಿದರು. ಈಗ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ.

ದೊಡ್ಡಮಲ್ಲಪ್ಪ ಕ್ಯಾನು ಹಿಡಿದು ಬಂದ, ಬಗ್ಗಿದ, ಹೇಳಿದ. ಬರೆದುಕೊಂಡೆ. ನನ್ನ ಬ್ಯುರೆಟ್ಟಿನಲ್ಲಿ ಎಷ್ಟು ಬಂದಿತ್ತು ಎಂದು ಕೇಳಬೇಡ. ನೋಡಲಿಲ್ಲ.

ನಿನ್ನ ಜನವರಿಯ ಕಾಗದ ಬಂದ ದಿನ ಊಟ ಮಾಡಲಿಲ್ಲ. ಶೃತಿ ಕಾರಣ ಕೇಳಿದಳು. ಏನು ಹೇಳಲಿ? ನಿನ್ನ ಪರವಾಗಿ ನಾನು ಕ್ಲಾಸಿನವರ ಜೊತೆಗೆಲ್ಲ ಜಗಳವಾಡಿದ್ದೆ. ಅಪ್ಪ ಆ ಬಾಗಿಲಲ್ಲಿ ನಿಂತಿದ್ದಾಗಲೂ, ನಿಲ್ಲಲಿ, ನಮ್ಮ ಕಡೆ ನಿಜ ಇದೆ ಎಂದುಕೊಂಡು ಕಣ್ಣೀರು ತಡೆದಿದ್ದೆ. ಒಂದು ಟೆಸ್ಟ್‌ಟ್ಯೂಬ್ ಆಸಿಡ್ ಮರೆತೆ ಎಂದು ಅವತ್ತೇ ಹೇಳಿದ್ದರೆ ಏನಾಗುತ್ತಿತ್ತು? ಮರೆಯದವರು ಯಾರಿದ್ದಾರೆ?

ಇನ್ನು ಮೇಲೆ ನಿನಗಾಗಿ ಯಾರ ಹತ್ತಿರವೂ ಮಾತಾಡುವುದಿಲ್ಲ.

ಪ್ರಿಯಾಂಕ


ಗುಂಡ್ಲುಪೇಟೆ
13 ಏಪ್ರಿಲ್ 2025

ಪ್ರಿಯಾಂಕ,

ರಿಸಲ್ಟ್ ನೋಡಿದೆ. ಪಂಕ್ಚರ್ ಅಂಗಡಿಯಲ್ಲಿ ನಿಂತಿದ್ದ ಪಾಲಕ್ಕಾಡಿನ ಡ್ರೈವರಿಗೂ ನಿನ್ನ ಮಾರ್ಕು ತೋರಿಸಿದೆ. "ಮಿಡುಕ್ಕಿ" ಎಂದ. ಜಾಣೆ ಎಂದರ್ಥ.

ಮಾರ್ಕ್ಸ್ ಕಾರ್ಡನ್ನು ಇನ್ನು ಯಾರೂ ತಡೆಯುವ ಹಾಗಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ, ಆಗಲಿಲ್ಲ.

ಆಸಿಡ್ ಹಾಕಿದ್ದೆ. ಫ್ಲಾಸ್ಕು ಕಂದಾಗಿರಲಿಲ್ಲ. ಮಲ್ಲಪ್ಪಣ್ಣ ನೀರು ಸೇರಿಸಿದ್ದು ನಿಜ. ಅಕ್ಟೋಬರಿನಲ್ಲಿ ಬರೆದ ಒಂದೊಂದು ಮಾತೂ ನಿಜ. ಲ್ಯಾಬಿನಲ್ಲಿ ಸುಳ್ಳು ಹೇಳಿದೆ. ನೀನು ರೆಕಾರ್ಡ್ ಹರಿಯುತ್ತೇನೆ ಎಂದಾಗ ನಿನಗೂ ಸುಳ್ಳು ಬರೆದೆ. ನೀನು ಹರಿದೇ ಹಾಕುವವಳು ಎಂದು ಗೊತ್ತಿತ್ತು.

ಅವತ್ತು ಸರ್ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು ಎಂದು ಬರೆದಿದ್ದೆಯಲ್ಲ, ಗೇಟಿನ ಹತ್ತಿರ ಅವರು ಹೇಳಿದ್ದು ಇದು: "ಬಾಟಲಿಗೆ ನೀರು ಸೇರಿದ್ದು ನನಗೆ ಅವತ್ತೇ ಗೊತ್ತಿತ್ತು ಕಣೋ. ನಿನ್ನ ರೀಡಿಂಗ್ ತಪ್ಪು ಅಂತ ಯಾರು ಹೇಳಿದರು? ಬರೆಯಬೇಕಿರಲಿಲ್ಲ, ಅಷ್ಟೇ." ಕ್ಯಾಂಟೀನಿನಲ್ಲಿ ಕಾಫಿ ಕುಡಿದು ಹೋಗು ಎಂದರು. ಪರೀಕ್ಷೆಗೆ ಮತ್ತೆ ಕಟ್ಟು, ಪಾಸು ಮಾಡಿಸುತ್ತೇನೆ ಎಂದೂ ಹೇಳಿದರು. ಕಾಫಿ ಕುಡಿಯಲಿಲ್ಲ. ಕಟ್ಟುವುದೂ ಇಲ್ಲ.

ಊರೆಲ್ಲ ಏನಾದರೂ ಅಂದುಕೊಳ್ಳಲಿ. ನಿನಗೊಬ್ಬಳಿಗೆ ಗೊತ್ತಿದ್ದರೆ ಸಾಕು.

ಅಣ್ಣ,
ಸಿದ್ದಾರ್ಥ


ಉಡಿಗಾಲ
27 ಏಪ್ರಿಲ್ 2025

ಅಣ್ಣ,

ಈಗ ಮನೆಯಲ್ಲಿದ್ದೇನೆ, ಫೋನು ಕೈಯಲ್ಲೇ ಇದೆ. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಿನ್ನ ದನಿ ಕೇಳಬೇಕಾಗುತ್ತದೆ.

ನಂಬಬೇಕೆಂದು ಬಹಳ ಪ್ರಯತ್ನಪಟ್ಟೆ. ಹತ್ತು ದಿನ ಅದೇ ಕೆಲಸ ಮಾಡಿದೆ. ದೊಡ್ಡಮಲ್ಲಪ್ಪನನ್ನು ಕೇಳೋಣವೆಂದು ಚಾಮರಾಜನಗರಕ್ಕೂ ಹೋಗಿ ಬಂದೆ. "ನಂಗೇನೂ ಗ್ಯಾನ ಇಲ್ಲ ಕಣವ್ವ. ನಾನೂ ಮಕ್ಕಳೊಂದಿಗ" ಎಂದ. ಅದು ಹೌದು ಎಂದೋ ಅಲ್ಲ ಎಂದೋ ನನಗೆ ತಿಳಿಯಲಿಲ್ಲ.

ನೀನು ಬೋರ್ಡಿನ ಮುಂದೆ ನಿಂತದ್ದು ನೆನಪಾಗುತ್ತದೆ. ದನಿ ನಡುಗಲಿಲ್ಲ. ಕಂದು ಬಣ್ಣವನ್ನು ಕಣ್ಣಾರೆ ಕಂಡವನ ಹಾಗೆ ಹೇಳಿದೆ. ನಮ್ಮಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಾನು ಲೋಕಕ್ಕೆಲ್ಲ ಹೇಳಿಕೊಂಡು ತಿರುಗಿದ್ದೆ. ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಹಾಗಿರುವಾಗ ಈ ಕೊನೆಯ ಕಾಗದವನ್ನು ನಾನು ಹೇಗೆ ಓದಲಿ, ಹೇಳು.

ನನಗೋಸ್ಕರ ಹೇಳಿದೆ ಎನ್ನುತ್ತೀಯ. ಇರಬಹುದು. ಹಾಗಿದ್ದರೆ ನಾನು ನಿನ್ನ ಕಾಲು ಹಿಡಿಯಬೇಕು. ಹಾಗಲ್ಲದಿದ್ದರೆ ಮಾರ್ಕು ಬಂತಲ್ಲ ಎಂದು ಸುಮ್ಮನಿರಬೇಕು. ಎರಡರಲ್ಲಿ ಯಾವುದನ್ನು ಮಾಡಬೇಕೋ ಗೊತ್ತಾಗದೆ ಅಮ್ಮನ ಜೊತೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೇನೆ.

ಅಮ್ಮನಿಗೆ ಏನೂ ಹೇಳಬೇಡ. ಮಗ ಕೊನೆಗೂ ಬುದ್ಧಿ ಕಲಿತ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ. ಅಪ್ಪ ಕೂಡ ಮೊನ್ನೆ ಊಟಕ್ಕೆ ಕೂತಾಗ ನಿನ್ನ ಹೆಸರೆತ್ತಿದ.

ಊರಿಗೆ ಬಾ. ಬಂದಾಗ ಈ ಮಾತು ಎತ್ತಬೇಡ. ನೀನು ಏನು ಹೇಳಿದರೂ ನಾನು ಹೂಂ ಎನ್ನುತ್ತೇನೆ.

ಪ್ರಿಯಾಂಕ